ಐವತ್ತು ಡಾಲರ್ ಬಾಡಿಗೆಯ ಸಭಾಂಗಣದಿಂದ ಎಪ್ಪತ್ತು ಸಾವಿರ ಜನರ ಜಾತ್ರೆಗೆ

ಹೊರನಾಡಿನ ಯಾವುದೇ ಕನ್ನಡ ಸಂಘದ ವಾರ್ಷಿಕ ಮಹಾಸಭೆಗೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರದು. ಹಿರಿಯರು ಕಟ್ಟಿದರು, ಇಂದಿನವರು ನಡೆಸುತ್ತಿದ್ದಾರೆ, ಮುಂದೆ ಯಾರು? ಈ ಚಿಂತೆ ಕನ್ನಡಿಗರದ್ದು ಮಾತ್ರವಲ್ಲ. ಮೇಜಿನ ಸುತ್ತ ಕುಳಿತು ದಾಳ ಉರುಳಿಸುವ ಅಮೆರಿಕದ ಹವ್ಯಾಸಿಗಳ ಕೂಟವೊಂದು ಇದೇ ಚಿಂತೆಯನ್ನು ಹಲವು ಸಲ ಎದುರಿಸಿ, ಐವತ್ತು ವರ್ಷಗಳನ್ನು ದಾಟಿ ಮುಂದೆ ಸಾಗಿದೆ. ಅದರ ಹೆಸರು ಜೆನ್ ಕಾನ್.

ವಿಮಾ ನೌಕರನ ಹವ್ಯಾಸ

ಇದನ್ನು ಹುಟ್ಟುಹಾಕಿದವರು ಗ್ಯಾರಿ ಗೈಗ್ಯಾಕ್ಸ್. ಶಿಕಾಗೋದ ವಿಮಾ ಸಂಸ್ಥೆಯೊಂದರಲ್ಲಿ ನೌಕರಿ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ ವಾಸ. ನಕ್ಷೆಯ ಮೇಲೆ ಕಾಯಿಗಳನ್ನು ಸೈನ್ಯದಂತೆ ನಡೆಸುವ ಯುದ್ಧದ ಆಟಗಳೆಂದರೆ ಅವರಿಗೆ ಎಲ್ಲಿಲ್ಲದ ಹುಚ್ಚು. 1967ರಲ್ಲಿ ಅದೇ ಹುಚ್ಚಿನ ಕೆಲವು ಗೆಳೆಯರು ಅವರ ಮನೆಯಲ್ಲಿ ಸೇರಿದರು. ಮರುವರ್ಷ ಮನೆ ಸಾಲದೆಂದು ಊರಿನ ಹಾರ್ಟಿಕಲ್ಚರಲ್ ಹಾಲ್ ಅನ್ನು 50 ಡಾಲರ್ ಬಾಡಿಗೆಗೆ ಹಿಡಿದರು. ಸುಮಾರು ನೂರು ಜನ ಬಂದರು. ಊರಿನ ಹೆಸರನ್ನೂ ಯುದ್ಧನಿಯಮಗಳ ಜಿನೀವಾ ಒಪ್ಪಂದವನ್ನೂ ಜೋಡಿಸಿ ತಮಾಷೆಗೆ ಇಟ್ಟ ಹೆಸರೇ ಜೆನ್ ಕಾನ್.

1969ರ ಸಮಾವೇಶದಲ್ಲಿ ಗೈಗ್ಯಾಕ್ಸ್ ಅವರಿಗೆ ಮಿನ್ನೆಸೋಟಾದ ಡೇವ್ ಆರ್ನೆಸನ್ ಪರಿಚಯವಾದರು. ಮರುವರ್ಷ ಗೈಗ್ಯಾಕ್ಸ್ ವಿಮಾ ನೌಕರಿ ಕಳೆದುಕೊಂಡರು. ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ಸಾಗಿಸುವ ಪರಿಸ್ಥಿತಿ ಬಂತು. ಆಟ ಮಾತ್ರ ಬಿಡಲಿಲ್ಲ. ಇವರಿಬ್ಬರು ಸೇರಿ ರೂಪಿಸಿದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' 1974ರಲ್ಲಿ ಬೆಳಕು ಕಂಡಿತು. ಮೊದಲ ಮುದ್ರಣ ಕೇವಲ 1,000 ಪ್ರತಿ.

ಈ ಆಟದಲ್ಲಿ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ಆ ಕ್ಷಣಕ್ಕೆ ಹೊಳೆದಂತೆ ಮಾತಾಡುತ್ತಾರೆ, ಸಂದಿಗ್ಧ ಬಂದಾಗ ದಾಳ ತೀರ್ಮಾನಿಸುತ್ತದೆ. ವೇಷವಿಲ್ಲದೆ ಕುಳಿತಲ್ಲೇ ಅರ್ಥ ಹೇಳುವ ತಾಳಮದ್ದಳೆ ಬಲ್ಲವರಿಗೆ ಇದು ತೀರಾ ಅಪರಿಚಿತವೆನಿಸದು. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಒಡೆಯರು ಬದಲಾದರು, ಆಟ ನಿಲ್ಲಲಿಲ್ಲ

ಆಟ ಜನಪ್ರಿಯವಾದಂತೆ ಕೂಟವೂ ಬೆಳೆಯಿತು. ಗೈಗ್ಯಾಕ್ಸ್ ಅವರ ಟಿಎಸ್‌ಆರ್ ಕಂಪನಿ ಸಮಾವೇಶದ ಹೊಣೆ ಹೊತ್ತಿತು. ಲೇಕ್ ಜಿನೀವಾ ಸಾಲದಾದಾಗ ವಿಶ್ವವಿದ್ಯಾಲಯದ ಆವರಣಕ್ಕೆ, 1985ರಲ್ಲಿ ಮಿಲ್ವಾಕೀ ನಗರಕ್ಕೆ ಸ್ಥಳಾಂತರವಾಯಿತು. ವಿಪರ್ಯಾಸವೆಂದರೆ, ಅದೇ ವರ್ಷ ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯ ಮೇಲೆ ಹಿಡಿತ ಕಳೆದುಕೊಂಡರು.

ಆಮೇಲೆ ಒಡೆತನ ಕೈಯಿಂದ ಕೈಗೆ ದಾಟಿತು. 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು. 1999ರಲ್ಲಿ ಅದನ್ನು ಆಟಿಕೆಗಳ ದೈತ್ಯ ಹ್ಯಾಸ್ಬ್ರೋ ಕೊಂಡಿತು. 2002ರಲ್ಲಿ ವಿಝರ್ಡ್ಸ್‌ನ ಸ್ಥಾಪಕ ಪೀಟರ್ ಆಡ್ಕಿಸನ್ ಜೆನ್ ಕಾನ್ ಅನ್ನು ಮಾತ್ರ ಬೇರೆಯಾಗಿ ಖರೀದಿಸಿದರು. 2003ರಲ್ಲಿ ಅದು ಇಂಡಿಯಾನಾಪೊಲಿಸ್ ನಗರಕ್ಕೆ ಬಂತು. 2008ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಯಿತು. ಮರುತಿಂಗಳು ಗೈಗ್ಯಾಕ್ಸ್ ತೀರಿಕೊಂಡರು.

ಇಷ್ಟಾದರೂ ಆ ಆಗಸ್ಟ್‌ನಲ್ಲಿ ಸಮಾವೇಶ ಎಂದಿನಂತೆ ನಡೆಯಿತು. ಮುಂದಿನ ವರ್ಷ ಕಂಪನಿಯೂ ಸಂಕಷ್ಟದಿಂದ ಹೊರಬಂತು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಲ್ಲಿ ಆಟ ನಡೆಸಿಕೊಡುವವರಲ್ಲಿ ದೊಡ್ಡ ಪಾಲು ಹವ್ಯಾಸಿಗಳದ್ದೇ. ಆಡಲು ಬಂದವನೇ ಮುಂದೊಂದು ವರ್ಷ ಮೇಜು ಹಾಕಿ ಹೊಸಬರಿಗೆ ಕಲಿಸುತ್ತಾನೆ. ಕಚೇರಿಯ ಬೋರ್ಡು ಬದಲಾದರೂ ಈ ಸರಪಳಿ ತುಂಡಾಗಲಿಲ್ಲ.

ಮೇಜಿಗೆ ಬಂದ ಹೊಸಬರು

ಆರಂಭದ ದಿನಗಳಲ್ಲಿ ಈ ಕೂಟಗಳಲ್ಲಿ ಗಂಡಸರದೇ ಕಾರುಬಾರು. ದಪ್ಪ ನಿಯಮಪುಸ್ತಕ, ದಿನವಿಡೀ ಮುಗಿಯದ ಆಟ. ಇದು ಬದಲಾಗಲು ಜರ್ಮನಿಯ ಕೊಡುಗೆ ದೊಡ್ಡದು. ಅಲ್ಲಿನ ಎಸ್ಸೆನ್ ನಗರದಲ್ಲಿ 1983ರಿಂದ ನಡೆಯುತ್ತಿರುವ ಆಟದ ಮೇಳ ಕುಟುಂಬಗಳನ್ನು ಸೆಳೆಯಿತು. ದಂತ ತಂತ್ರಜ್ಞರಾಗಿದ್ದ ಕ್ಲೌಸ್ ಟಾಯ್ಬರ್ ಬಿಡುವಿನ ವೇಳೆಯಲ್ಲಿ ರಚಿಸಿ ಮನೆಮಂದಿಯೊಡನೆ ಆಡಿ ತಿದ್ದಿದ 'ಕಟಾನ್' 1995ರಲ್ಲಿ ಹೊರಬಂದು, ಮುಂದೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರಲ್ಲಿ ಯಾರೂ ಅರ್ಧಕ್ಕೆ ಸೋತು ಏಳಬೇಕಿಲ್ಲ. ವಿನಿಮಯ ಮಾಡಿಕೊಳ್ಳುತ್ತಾ, ಮಾತಾಡುತ್ತಾ ಕೊನೆಯವರೆಗೂ ಎಲ್ಲರೂ ಕೂರುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಮೇಜಿನ ಆಟ ಮುಗಿಯಿತೆಂದವರು ಅನೇಕರು. ಆದದ್ದೇ ಬೇರೆ. 2015ರಲ್ಲಿ ಆರಂಭವಾದ 'ಕ್ರಿಟಿಕಲ್ ರೋಲ್' ಎಂಬ ಅಂತರ್ಜಾಲ ಕಾರ್ಯಕ್ರಮದಲ್ಲಿ ಕಂಠದಾನ ಕಲಾವಿದರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುವುದನ್ನು ಕಂಡ ಎಷ್ಟೋ ಯುವಕ ಯುವತಿಯರು ತಾವೂ ದಾಳ ಕೈಗೆತ್ತಿಕೊಂಡರು. ಅದೇ ವರ್ಷ ಇಂಡಿಯಾನಾ ರಾಜ್ಯ ತಂದ ಕಾನೂನೊಂದು ಸಲಿಂಗಿಗಳ ವಿರುದ್ಧ ತಾರತಮ್ಯಕ್ಕೆ ದಾರಿಯಾದೀತೆಂಬ ಆತಂಕ ಎದ್ದಿತು. ಎಲ್ಲರಿಗೂ ಸ್ವಾಗತವಿಲ್ಲದಿದ್ದರೆ ಮುಂದೆ ಇಲ್ಲಿ ಉಳಿಯುವುದನ್ನು ಮರುಯೋಚಿಸಬೇಕಾದೀತು ಎಂದು ಜೆನ್ ಕಾನ್ ಗವರ್ನರ್‌ಗೆ ನೇರವಾಗಿ ಪತ್ರ ಬರೆಯಿತು. ನಾಡಿನ ಹಲವೆಡೆಯಿಂದ ಬಂದ ವಿರೋಧದ ನಡುವೆ ಕಾನೂನಿಗೆ ತಿದ್ದುಪಡಿ ಆಯಿತು.

2017ರ ಐವತ್ತನೆಯ ಸಮಾವೇಶದ ಟಿಕೆಟ್‌ಗಳೆಲ್ಲ ಮೊದಲ ಬಾರಿಗೆ ಮುಂಚಿತವಾಗಿಯೇ ಖಾಲಿಯಾದವು. 2020ರಲ್ಲಿ ಕೊರೊನಾದಿಂದಾಗಿ ಆನ್‌ಲೈನ್‌ನಲ್ಲೇ ನಡೆಸಬೇಕಾಯಿತು. 2024ರಲ್ಲಿ 71,000ಕ್ಕೂ ಹೆಚ್ಚು ಜನ ಸೇರಿದರು.

ಬೆಳವಣಿಗೆಗೆ ಬೆಲೆಯೂ ಇದೆ. ಹೋಟೆಲ್ ಕೋಣೆ ಸಿಗುವುದು ಅದೃಷ್ಟದ ಮಾತಾಗಿದೆ, ಖರ್ಚು ಏರಿದೆ. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಕಾಲ ಹೋಗಿದೆ. ಆದರೆ 2008ರಲ್ಲಿ ಗೈಗ್ಯಾಕ್ಸ್ ಅವರ ಅಂತ್ಯಕ್ರಿಯೆ ಮುಗಿಸಿದ ಬಂಧುಮಿತ್ರರು ದುಃಖದಲ್ಲೇ ಒಟ್ಟಿಗೆ ಕುಳಿತು ಆಟವಾಡಿದರು. ಆ ಕೂಟವೇ ಮರುವರ್ಷ 'ಗ್ಯಾರಿ ಕಾನ್' ಎಂಬ ಹೆಸರಿನ ಸಣ್ಣ ಸಮಾವೇಶವಾಗಿ ಅದೇ ಲೇಕ್ ಜಿನೀವಾದಲ್ಲಿ ಮರುಹುಟ್ಟು ಪಡೆಯಿತು. ಅದನ್ನು ಕಟ್ಟಿದವರು ಅವರ ಮಗ ಲ್ಯೂಕ್.

ಸಂಘಗಳು ಗಮನಿಸಬೇಕಾದ್ದು

ಮೇಜಿನ ಆಟ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ಆಟಗಳನ್ನು ರೂಪಿಸಿದವರು. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಪಗಡೆ, ಚೌಕಾಬಾರ, ಅಳಗುಳಿಮಣೆ ಬಲ್ಲ ಅಜ್ಜ ಅಜ್ಜಿಯರು ಇಂದಿಗೂ ಸಂಘಗಳ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಮೊಮ್ಮಕ್ಕಳು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುತ್ತಾರೆ. ಇಬ್ಬರ ನಡುವೆ ಭಾಷಣಗಳಿವೆ, ಹಾರತುರಾಯಿಗಳಿವೆ.

ಮುಂದಿನ ರಾಜ್ಯೋತ್ಸವದಂದು ಸಭಾಂಗಣದ ಮೂಲೆಯಲ್ಲಿ ಎರಡು ಜಮಖಾನೆ ಹಾಸಿ, ಚೌಕಾಬಾರದ ಮನೆ ಬರೆದು, ಕವಡೆ ಇಟ್ಟರೆ ಸಾಕು. ಬಹುಮಾನ ಬೇಡ, ಅಧ್ಯಕ್ಷತೆ ಬೇಡ. ಕಲಿಸಲು ಒಬ್ಬ ಅಜ್ಜಿ ಇರಲಿ. ಕಲಿತ ಹುಡುಗಿಗೆ ಮರುವರ್ಷ ಆ ಜಮಖಾನೆಯ ಹೊಣೆ ಒಪ್ಪಿಸಲಿ. ಲೇಕ್ ಜಿನೀವಾದವರು ಶುರು ಮಾಡಿದ್ದೂ ಇಷ್ಟರಿಂದಲೇ.