ಏರಿಳಿಯುವ ಮನಸ್ಸಿಗೆ ತಕ್ಕ ಚಿಕಿತ್ಸಕರು

ಹಲ್ಲುನೋವಾದರೆ ಯಾರ ಬಳಿಗೆ ಹೋಗಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನಸ್ಸು ಕೆಟ್ಟಾಗ ಮಾತ್ರ ತಿಳಿದವರಿಗೂ ದಿಕ್ಕು ತೋಚದು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್ ಎಂಬ ಫಲಕಗಳು ಕಾಣಸಿಗುತ್ತವೆ. ಇವರಲ್ಲಿ ಯಾರ ಬಾಗಿಲು ತಟ್ಟಬೇಕು?

ಬೈಪೋಲಾರ್ ಎಂಬ ಕಾಯಿಲೆಯನ್ನೇ ತೆಗೆದುಕೊಳ್ಳಿ. ಕೆಲವು ವಾರ ಮನಸ್ಸು ಕುಸಿದು ಹಾಸಿಗೆ ಬಿಟ್ಟೇಳುವುದೇ ಭಾರವೆನಿಸುತ್ತದೆ. ಮತ್ತೆ ಕೆಲವು ಕಾಲ ನಿದ್ದೆ ಬೇಡ, ಮಾತು ನಿಲ್ಲದು, ಕೈಯಲ್ಲಿ ಹಣವೂ ನಿಲ್ಲದು. ಹಿಂದೆ ಇದನ್ನು ಉನ್ಮಾದ-ಖಿನ್ನತೆ ಎನ್ನುತ್ತಿದ್ದರು.

ಇದಕ್ಕೆ ಮೊದಲು ಕಾಣಬೇಕಾದವರು ಮನೋವೈದ್ಯರು, ಎಂದರೆ ಸೈಕಿಯಾಟ್ರಿಸ್ಟ್. ಔಷಧ ಬರೆಯುವವರು ಅವರೇ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಉಪಯೋಗಿಸಿ ತೋರಿಸಿದ ಲಿಥಿಯಂ ಇಂದಿಗೂ ಬಳಕೆಯಲ್ಲಿದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿಯೇ ಅದನ್ನು ಸೇವಿಸತಕ್ಕದ್ದು.

ಇಲ್ಲೊಂದು ಎಚ್ಚರಿಕೆ. ರೋಗಿ ಸಾಮಾನ್ಯವಾಗಿ ವೈದ್ಯರಲ್ಲಿಗೆ ಬರುವುದು ಕುಸಿದಾಗಲೇ. ಉತ್ಸಾಹ ಉಕ್ಕಿದ ದಿನಗಳು ಅವನಿಗೆ ಕಾಯಿಲೆಯೆಂದು ತೋರುವುದೇ ಇಲ್ಲ. ಆದುದರಿಂದ ಹೇಳುವುದೂ ಇಲ್ಲ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುವುದುಂಟು. ಆದಕಾರಣ ರೋಗಿಯ ಒಪ್ಪಿಗೆಯಿಂದ ಮನೆಯವರೊಬ್ಬರು ಜತೆಗೆ ಹೋಗಿ ಎರಡು ಬಗೆಯ ದಿನಗಳನ್ನೂ ತಿಳಿಸಬೇಕು.

ಔಷಧದ ಜತೆಗೆ ಮಾತಿನ ಚಿಕಿತ್ಸೆಯೂ ಬೇಕು. ನಿದ್ದೆ, ಊಟ, ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವುದು, ಕಾಯಿಲೆ ಮರುಕಳಿಸುವ ಸೂಚನೆಯನ್ನು ಗುರುತಿಸುವುದು, ಇವನ್ನು ಕ್ಲಿನಿಕಲ್ ಸೈಕಾಲಜಿಸ್ಟರು ಕಲಿಸುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಿ. ಕೌನ್ಸೆಲರ್ ಎಂಬ ಹೆಸರನ್ನು ಅಲ್ಪಕಾಲ ಕಲಿತವರೂ ಹಾಕಿಕೊಳ್ಳುವುದುಂಟು.

ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಈ ಕಾಯಿಲೆಯವರನ್ನು ನೋಡಿದ ಅನುಭವವಿದೆಯೇ? ನಮ್ಮ ವೈದ್ಯರೊಡನೆ ಕೂಡಿ ಕೆಲಸ ಮಾಡುವಿರಾ? ಮನೆಯವರನ್ನೂ ಕೂರಿಸಿಕೊಂಡು ಮಾತನಾಡುವಿರಾ? ವೈದ್ಯರನ್ನು ಕೇಳದೆ ಮಾತ್ರೆ ಬಿಡಿ ಎನ್ನುವವರು ಎಷ್ಟೇ ಒಳ್ಳೆಯವರಾಗಿರಲಿ, ನಿಮಗೆ ತಕ್ಕವರಲ್ಲ. ಭಾಷೆಯನ್ನೂ ಗಮನಿಸಿ. ಹಲಸೂರಿನ ಮನೆಯೊಂದರಲ್ಲಿ ತಮಿಳು, ಶಿವಾಜಿನಗರದ ಮನೆಯೊಂದರಲ್ಲಿ ಉರ್ದು ಮನೆಮಾತಾಗಿರಬಹುದು. ದುಃಖ ಯಾವ ಭಾಷೆಯಲ್ಲಿ ಬಾಯಿಗೆ ಬರುವುದೋ ಆ ಭಾಷೆ ಬಲ್ಲವರು ಸಿಕ್ಕಿದರೆ ಲೇಸು.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಒಂದಾಗಿ ಹುಟ್ಟಿದ್ದು ಅದು. ಅಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಆವರಣದಲ್ಲಿ ಸಿಗುತ್ತಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416ಕ್ಕೆ ಕರೆಮಾಡಿ ಹಗಲಿರುಳೂ ಉಚಿತವಾಗಿ ಪಡೆಯಬಹುದು. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರನ್ನು ಒಂಟಿಯಾಗಿ ಬಿಡಬೇಡಿ.

ಔಷಧದ ಅಳತೆ ವೈದ್ಯರದು, ಬದುಕಿನ ಅಭ್ಯಾಸವನ್ನು ತಿದ್ದಿಕೊಳ್ಳಲು ನೆರವಾಗುವುದು ಮನಶ್ಶಾಸ್ತ್ರಜ್ಞರದು. ಆದರೆ ಮಗನೋ ಸೊಸೆಯೋ ಮೂರು ರಾತ್ರಿಯಿಂದ ಸರಿಯಾಗಿ ಮಲಗಿಲ್ಲವೆಂಬುದು ಮೊದಲು ಕಾಣುವುದು ಮನೆಯವರ ಕಣ್ಣಿಗೆ. ಅದನ್ನು ಅಲಕ್ಷಿಸದಿರುವುದು ನಮ್ಮ ಪಾಲಿನ ಚಿಕಿತ್ಸೆ.