ನಂಜನ್ನು ಮೊದಲೇ ಅಳೆಯುವ ಲೆಕ್ಕ

ನಂಜನ್ನುಂಡ ದೇವರ ಊರು ನಂಜನಗೂಡು. ಅದರ ಹಳೆಯ ಹೆಸರೇ ಗರಳಪುರಿ. ಅಲ್ಲಿಂದ ಕಪಿಲೆಯ ದಂಡೆ ಹಿಡಿದು ನಡೆದರೆ, ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯ ತೂಕದಷ್ಟು ಹೆಚ್ಚೆಂದು ಭಕ್ತರ ನಂಬಿಕೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗಿದ ಈ ಬೀಜ ಸ್ವತಃ ಘೋರ ವಿಷವೆಂಬುದನ್ನು ಎಷ್ಟು ಜನ ಬಲ್ಲರು? ಇಡಿಯಾಗಿ ಹೊಟ್ಟೆಗೆ ಹೋದದ್ದು ಗಟ್ಟಿ ಸಿಪ್ಪೆಯ ದೆಸೆಯಿಂದ ಅನೇಕ ವೇಳೆ ಜೀರ್ಣವಾಗದೆ ಹೊರಬೀಳುತ್ತದೆ. ಅಗಿದದ್ದಾದರೆ ಒಳಗಿನ ಅಬ್ರಿನ್ ಪ್ರಾಣಕ್ಕೇ ಎರವಾಗಬಹುದು.

ಒಂದು ವಸ್ತು ವಿಷವೇ ಅಲ್ಲವೇ ಎಂಬುದಕ್ಕೆ ಹೀಗೆ ಒಂದೇ ಮಾತಿನ ಉತ್ತರವಿಲ್ಲ. ಪ್ರಮಾಣ, ದೇಹ ಸೇರುವ ದಾರಿ, ಅಣುವಿನ ಗಾತ್ರ, ಕೊಬ್ಬಿನಲ್ಲಿ ಕರಗುವ ಗುಣ—ಇಂಥ ನೂರಾರು ಸಂಗತಿಗಳು ಸೇರಿ ಅದನ್ನು ನಿರ್ಣಯಿಸುತ್ತವೆ. ಇಂದು ನಂಜನಗೂಡಿನಲ್ಲಿ ಔಷಧದ ಕಾರ್ಖಾನೆಯೂ ಉಂಟು, ಕೆಳಗಡೆ ಅದೇ ಹೊಳೆಯನ್ನು ನಂಬಿದ ಊರುಗಳೂ ಉಂಟು. ಹೊಸ ರಾಸಾಯನಿಕವೊಂದರ ಕೇಡನ್ನು ಅದು ಬಳಕೆಗೆ ಬರುವ ಮೊದಲೇ ತಿಳಿಯುವ ಬಗೆ ಹೇಗೆ? ಒಂದೊಂದನ್ನೂ ಇಲಿಗಳಿಗೆ ತಿನ್ನಿಸಿ ನೋಡಲು ಆಯುಷ್ಯ ಸಾಲದು.

ಇಲ್ಲಿ ನೆರವಿಗೆ ಬರುವವನು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಅವನ ಪ್ರಬಂಧ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1763ರಲ್ಲಿ. ಮೊದಲೊಂದು ಅಂದಾಜು ಇಟ್ಟುಕೊಳ್ಳಿ, ಪುರಾವೆ ದೊರೆತಂತೆಲ್ಲ ತಿದ್ದಿಕೊಳ್ಳಿ—ಅವನ ಸೂತ್ರದ ತಿರುಳು ಇಷ್ಟೇ. ಸಂಖ್ಯಾಶಾಸ್ತ್ರಜ್ಞರು ಇದನ್ನು ಬೆಟ್ಟಗುಡ್ಡಗಳ ಸೀಮೆಯೊಂದಕ್ಕೆ ಅನ್ವಯಿಸುತ್ತಾರೆ. ಅಣುವಿನ ಗುಣಗಳೇ ಅಲ್ಲಿನ ದಿಕ್ಕುಗಳು, ವಿಷದ ಉಗ್ರತೆಯೇ ಎತ್ತರ. ನಮ್ಮ ಭೂಮಿಗೆ ನಾಲ್ಕು ದಿಕ್ಕಾದರೆ ಈ ಸೀಮೆಗೆ ನೂರಾರು. ಅಳೆದು ನೋಡಿದ ಜಾಗಗಳೋ ಅಲ್ಲೊಂದು ಇಲ್ಲೊಂದು. 2008ರಲ್ಲಿ ಅಮೆರಿಕದಲ್ಲಿ ಮೊದಲಾದ ಟಾಕ್ಸ್-21 ಯೋಜನೆ ಸುಮಾರು 10,000 ರಾಸಾಯನಿಕಗಳನ್ನು ಯಂತ್ರಗಳ ಕೈಯಿಂದ ಜೀವಕೋಶಗಳ ಮೇಲೆ ಪರೀಕ್ಷಿಸಿತು. ಅಷ್ಟಾದರೂ ಸೀಮೆಯ ಬಹುಭಾಗ ಕತ್ತಲೆಯೇ. ನಡುವಣ ಎತ್ತರವನ್ನು ಗಣಕಯಂತ್ರ ನೆರೆಹೊರೆಯಿಂದ ಊಹಿಸುತ್ತದೆ. ಹರಳು ಬೀಜದ ರಿಸಿನ್ ಗುಲಗಂಜಿಯ ಅಬ್ರಿನ್ನಿಗೆ ದಾಯಾದಿ; ಒಂದರ ಸ್ವಭಾವ ಬಲ್ಲವರಿಗೆ ಮತ್ತೊಂದರ ಸುಳಿವು ಸಿಕ್ಕಂತೆಯೇ.

ಆದರೆ ನೆರೆಹೊರೆಯನ್ನು ಕಣ್ಮುಚ್ಚಿ ನಂಬುವಂತಿಲ್ಲ. ಮದ್ಯದಲ್ಲಿರುವ ಎಥನಾಲಿಗೂ ಮೆಥನಾಲಿಗೂ ಇಂಗಾಲದ ಒಂದು ಪರಮಾಣು, ಜಲಜನಕದ ಎರಡು—ಅಷ್ಟೇ ಅಂತರ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ದಿಣ್ಣೆಯ ಮಗ್ಗುಲಲ್ಲೇ ಕಡಿದಾದ ಬಂಡೆ ಎದ್ದು ನಿಂತಂತೆ! ಬೇಯ್ಸನ ಲೆಕ್ಕ ಬರಿಯ ಎತ್ತರವನ್ನು ಹೇಳಿ ಸುಮ್ಮನಾಗುವುದಿಲ್ಲ. ಆ ಮಾತಿನಲ್ಲಿ ತನಗೆಷ್ಟು ಸಂಶಯವುಂಟೆಂಬುದನ್ನೂ ಅಂಕಿಯಲ್ಲಿ ಹೇಳುತ್ತದೆ. (ನಮ್ಮ ಜ್ಯೋತಿಷಿಗಳಿಗೆ ಈ ಸೌಜನ್ಯ ಇದ್ದಿದ್ದರೆ!) ಸಂಶಯ ಹಿರಿದಾದ ಅಣು ಪ್ರಯೋಗಶಾಲೆಗೆ ಮೊದಲು ಹೋಗುತ್ತದೆ, ಅಲ್ಲಿಂದ ಬಂದ ಅಳತೆ ಮತ್ತೆ ಲೆಕ್ಕವನ್ನು ತಿದ್ದುತ್ತದೆ.