ಜಾಲಹಳ್ಳಿಯ ಗಾಜು, ಪೀಣ್ಯದ ಕಬ್ಬಿಣ

ಹಳೆಯ ರೇಡಿಯೊ ರಿಪೇರಿಯವರ ಡಬ್ಬಿ ಕೆದಕಿದರೆ ಅಪರೂಪಕ್ಕೆ ಒಂದು ಗಾಜಿನ ವಾಲ್ವ್ ಸಿಗುತ್ತದೆ. ತೋರುಬೆರಳಿನಷ್ಟು ಉದ್ದ, ಬುಡದಲ್ಲಿ ಒಂಬತ್ತು ಸೂಜಿಕಾಲು, ಮೈಮೇಲೆ ಅರ್ಧ ಅಳಿಸಿಹೋದ ಅಕ್ಷರದಲ್ಲಿ ‘ಬಿಇಎಲ್’ ಮತ್ತು ‘ಇಎಲ್84’. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದು 1954ರಲ್ಲಿ. 1961ರಲ್ಲಿ ಅದು ಹಾಲೆಂಡಿನ ಫಿಲಿಪ್ಸ್ ಕಂಪನಿಯ ನೆರವಿನಿಂದ ರೇಡಿಯೊ ವಾಲ್ವ್‌ಗಳನ್ನು ಮಾಡತೊಡಗಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ಕೆಲಸವೂ ಶುರುವಾಯಿತು. ವಾಲ್ವನ್ನು ಮೂಲೆಗೆ ತಳ್ಳುವ ವಸ್ತು ಅದೇ ಆವರಣದಲ್ಲಿ ಬೆಳೆಯಿತು. ಆಗ ಮನೆಮನೆಯ ರೇಡಿಯೊಗಾಗಿ ಮಾಡಿದ ಈ ಗಾಜಿನ ಬುರುಡೆಯನ್ನು ಇಂದು ಹುಡುಕುವವರು ಗಿಟಾರ್ ನುಡಿಸುವವರು. ಬೀಟಲ್ಸ್ ತಂಡ ನುಡಿಸಿದ ವಾಕ್ಸ್ ಎಸಿ30 ಆಂಪ್ಲಿಫೈಯರಿನ ಕೊನೆಯ ಹಂತದಲ್ಲಿ ಇದ್ದದ್ದು ಇದೇ ಜಾತಿಯ ನಾಲ್ಕು ಇಎಲ್84.

ಇಂಥ ಆಂಪನ್ನು ಬೆಂಗಳೂರಿನಲ್ಲಿ ಕೈಯಾರೆ ಕಟ್ಟುವವರು ಮೊದಲು ವಾಲ್ವಿನ ಹಿಂದೆ ಬೀಳುತ್ತಾರೆ. ಯಾವ ದೇಶದ್ದು, ಯಾವ ಇಸವಿಯದು ಎಂಬ ಚರ್ಚೆ ಮುಗಿಯುವುದೇ ಇಲ್ಲ. ನನ್ನ ಪ್ರಕಾರ ಆ ಶ್ರಮದಲ್ಲಿ ಅರ್ಧವನ್ನಾದರೂ ಟ್ರಾನ್ಸ್‌ಫಾರ್ಮರಿಗೆ ಎತ್ತಿಡಬೇಕು. ಅದಕ್ಕೂ ಮೊದಲು ಗಾಜಿನೊಳಗೆ ನಡೆಯುವುದೇನು ಎಂದು ನೋಡೋಣ.

ನಡುವೆ ಒಂದು ನಿಕಲ್ ಕೊಳವೆ, ಅದರ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಬಿಳಿ ಲೇಪ. ಇದು ಕ್ಯಾಥೋಡ್. ಕೊಳವೆಯೊಳಗಿನ ಹೀಟರ್‌ಗೆ 6.3 ವೋಲ್ಟ್ ಕೊಟ್ಟರೆ ಅದು ಮಂದ ಕೆಂಪಿಗೆ ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. ಸುತ್ತ ನಿಂತ ಲೋಹದ ಪ್ಲೇಟು 250 ವೋಲ್ಟ್‌ನಲ್ಲಿದ್ದು ಅವನ್ನು ಸೆಳೆದುಕೊಳ್ಳುತ್ತದೆ. ಇವೆರಡರ ನಡುವೆ, ಕ್ಯಾಥೋಡಿಗೆ ತೀರ ಹತ್ತಿರದಲ್ಲಿ, ನವಿರು ತಂತಿಯ ಸುರುಳಿಯಿದೆ, ಅದು ಗ್ರಿಡ್. ಗ್ರಿಡ್‌ನ ಋಣ ವೋಲ್ಟೇಜು ಸ್ವಲ್ಪ ಏರಿಳಿದರೂ ಸಾಕು, ಅದನ್ನು ದಾಟುವ ಪ್ರವಾಹ ಬಹಳವಾಗಿ ಏರಿಳಿಯುತ್ತದೆ. ಕೆರೆಯ ತೂಬಿನ ಬಳಿ ನಿಂತ ನೀರುಗಂಟಿ ತೋಳಿನ ಬಲದಿಂದ ನೀರನ್ನು ತಳ್ಳುವುದಿಲ್ಲ. ಆದರೂ ಊರ ಗದ್ದೆಗೆ ಹರಿಯುವ ನೀರು ಅವನ ಕೈಯಲ್ಲಿರುತ್ತದೆ. ಗ್ರಿಡ್‌ನದು ಅದೇ ಕೆಲಸ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಈ ಮೂರನೆಯ ತಂತಿಯನ್ನು ಸೇರಿಸಿದ ಮೇಲೆಯೇ ವಾಲ್ವ್ ಸಣ್ಣ ಸದ್ದನ್ನು ದೊಡ್ಡದು ಮಾಡುವ ಸಾಧನವಾದದ್ದು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಬಿತ್ತರಿಸಿದ್ದೂ ವಾಲ್ವ್‌ಗಳ ಬಲದಿಂದಲೇ.

ಗಾಜಿನ ಒಳಮೈಯಲ್ಲಿ ಕನ್ನಡಿಯಂಥ ಒಂದು ಮಚ್ಚೆ ಕಾಣುತ್ತದೆ. ಅದು ಬೇರಿಯಂ, ಉಳಿದ ಅಲ್ಪಸ್ವಲ್ಪ ಅನಿಲವನ್ನು ಹೀರಿ ನಿರ್ವಾತ ಕಾಯುವುದು ಅದರ ಕೆಲಸ. ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ ಎಂದರ್ಥ. ಬಿಇಎಲ್ ಆಗಲಿ, ಬೇರಾವುದೇ ಆಗಲಿ, ಅದನ್ನು ಕೊಳ್ಳಬೇಡಿ.

ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತು ತಾಮ್ರದ ತಂತಿ. ಉಕ್ಕಿನ ತಂತಿಯನ್ನು ಮೀಟಿದರೆ ಅದರಿಂದ ಹೊರಡುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಇಎಲ್84ಅನ್ನು ಪೂರ್ತಿ ದುಡಿಸಲು ಅದರ ಗ್ರಿಡ್‌ಗೆ ಏಳು ವೋಲ್ಟಿನ ಏರಿಳಿತ ಬೇಕು. ಈ ಅಂತರವನ್ನು ತುಂಬಲು ಮುಂದೆ ಇಸಿಸಿ83 ಎಂಬ ಸಣ್ಣ ವಾಲ್ವ್ ಕೂರುತ್ತದೆ. ಒಂದೇ ಗಾಜಿನಲ್ಲಿ ಎರಡು ಟ್ರಯೋಡ್, ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟುಗಳ ಎರಡು ಜೋಡಣೆ. ಒಂದೊಂದು ಹಂತವೂ ಸದ್ದನ್ನು ಐವತ್ತು ಅರವತ್ತು ಪಟ್ಟು ಹಿಗ್ಗಿಸುತ್ತದೆ. ಎರಡು ಹಂತ ಸೇರಿದರೆ ಬೇಕಾದ್ದಕ್ಕಿಂತ ಬಹಳ ಹೆಚ್ಚಾಯಿತಲ್ಲ ಎನ್ನಬಹುದು. ಆ ಹೆಚ್ಚೇ ರಾಕ್ ಗಿಟಾರಿನ ಬಂಡವಾಳ.

ಈಗ ಕಬ್ಬಿಣದ ವಿಷಯ. ಇಎಲ್84 ಒಂಟಿಯಾಗಿ ದುಡಿಯುವಾಗ 250 ವೋಲ್ಟ್, 48 ಮಿಲಿಆಂಪಿಯರ್ ಕುಡಿದು, ಅಂದರೆ 12 ವಾಟ್ ತಿಂದು, 5.7 ವಾಟ್ ಸದ್ದು ಕೊಡುತ್ತದೆ. ಉಳಿದದ್ದು ಶಾಖ. ಇಷ್ಟನ್ನು ಕೊಡಬೇಕಾದರೂ ತನ್ನೆದುರು 5,200 ಓಮ್ ಹೊರೆ ಇರಬೇಕು ಎಂಬುದು ಅದರ ಹಟ. ಸ್ಪೀಕರ್ ಇರುವುದು 8 ಓಮ್. ಇವೆರಡನ್ನು ಒಪ್ಪಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5,200ಅನ್ನು 8ರಿಂದ ಭಾಗಿಸಿದರೆ 650, ಅದರ ವರ್ಗಮೂಲ 25.5, ವಾಲ್ವಿನ ಬದಿಗೆ ಇಪ್ಪತ್ತೈದೂವರೆ ಸುತ್ತು ಹಾಕಿದರೆ ಸ್ಪೀಕರಿನ ಬದಿಗೆ ಒಂದು ಸುತ್ತು ಎಂಬ ಲೆಕ್ಕ.

ಪೀಣ್ಯದ ಬೀದಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಸಣ್ಣ ಶೆಡ್ಡುಗಳಿವೆ. ಅವರಿಗೆ ಸ್ಟಾಂಪಿಂಗ್ ಗೊತ್ತು, ಬಾಬಿನ್ ಗೊತ್ತು, ಎನಾಮೆಲ್ ತಂತಿಯ ಗೇಜು ಕೈಬೆರಳಿಗೇ ಗೊತ್ತು. ಕರೆಂಟಿನ ಟ್ರಾನ್ಸ್‌ಫಾರ್ಮರ್ ಎಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು: ನಡುಗಾಲಿನ ಅಡ್ಡಕೊಯ್ತ 10 ಚದರ ಸೆಂಟಿಮೀಟರ್ ಇದ್ದರೆ ವೋಲ್ಟಿಗೆ ಸುಮಾರು ನಾಲ್ಕೂವರೆ ಸುತ್ತು, 230 ವೋಲ್ಟಿಗೆ ಸಾವಿರದ ಮೇಲೆ ಸ್ವಲ್ಪ. ಅಮೆರಿಕದ 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರನ್ನು ತರಿಸಿ ನಮ್ಮ 50 ಹರ್ಟ್ಸ್‌ಗೆ ಹಚ್ಚಿದರೆ ಕಬ್ಬಿಣದಲ್ಲಿ ಕಾಂತಪ್ರವಾಹ ಐದನೇ ಒಂದು ಭಾಗ ಹೆಚ್ಚಾಗಿ ಅದು ಕಾಯುತ್ತದೆ, ಗುಂಯ್‌ಗುಡುತ್ತದೆ. ಇಲ್ಲಿನ ಶೆಡ್ಡಿನಲ್ಲಿ ಸುತ್ತಿಸಿದ್ದಕ್ಕೆ ಆ ತೊಂದರೆ ಇಲ್ಲ.

ಎಡವಟ್ಟಾಗುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ. ಕರೆಂಟಿನದಕ್ಕೆ ‘ಇ’ ಆಕಾರದ ತಗಡು, ‘ಐ’ ಆಕಾರದ ತಗಡುಗಳನ್ನು ಒಂದು ಈ ಕಡೆ ಒಂದು ಆ ಕಡೆ ಹೆಣೆದು ತುಂಬುವುದು ರೂಢಿ. ಒಂಟಿ ವಾಲ್ವಿನ ಆಂಪಿನಲ್ಲಿ ಆ 48 ಮಿಲಿಆಂಪಿಯರ್ ಏಕಮುಖ ಪ್ರವಾಹ ಸುರುಳಿಯಲ್ಲಿ ಸದಾ ಹರಿಯುತ್ತಲೇ ಇರುತ್ತದೆ. ಹೆಣೆದ ಕಬ್ಬಿಣ ಅಷ್ಟಕ್ಕೇ ಕಾಂತತ್ವದಿಂದ ತುಂಬಿಹೋಗಿ, ಸಂಗೀತಕ್ಕೆ ಜಾಗ ಉಳಿಯುವುದಿಲ್ಲ; ಗಿಟಾರಿನ ದಪ್ಪ ತಂತಿಯ 82 ಹರ್ಟ್ಸ್ ಸ್ವರ ಒಣಗಿಹೋಗುತ್ತದೆ. ಆದ್ದರಿಂದ ‘ಇ’ಗಳೆಲ್ಲ ಒಂದು ಕಡೆ, ‘ಐ’ಗಳೆಲ್ಲ ಇನ್ನೊಂದು ಕಡೆ, ನಡುವೆ ಒಂದು ತೆಳು ಕಾಗದ. ಆ ಕಾಗದದ ದಪ್ಪವೇ ಗಾಳಿಯ ಅಂತರ. ಸುತ್ತುವವರಿಗೆ ಇದನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಬಾಯಲ್ಲೂ ಹೇಳಬೇಕು. ರೂಢಿಯ ಕೈ ತಾನಾಗಿ ಹೆಣೆದುಬಿಡುತ್ತದೆ. ಎರಡು ಸುರುಳಿಗಳನ್ನು ಪದರ ಪದರವಾಗಿ ಒಂದರೊಳಗೊಂದು ಸುತ್ತಿದರೆ ಮೇಲಿನ ಸ್ವರಗಳೂ ಸೋರದೆ ಉಳಿಯುತ್ತವೆ. ಇದನ್ನು ಅತಿ ಮಾಡಬೇಕಿಲ್ಲ. ಗಿಟಾರಿನ ಸ್ಪೀಕರೇ 5,000 ಹರ್ಟ್ಸ್ ಆಚೆ ಕೈಬಿಡುತ್ತದೆ.

ಮಿಕ್ಕದ್ದು ಅಲ್ಯೂಮಿನಿಯಂ ತಗಡು, ಎಸ್.ಪಿ. ರಸ್ತೆಯ ರೆಸಿಸ್ಟರು, ಕಂಡೆನ್ಸರು, ತಾಳ್ಮೆಯ ಬೆಸುಗೆ. ಆದರೆ ಒಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ 300 ವೋಲ್ಟ್ ಕಾದು ಕೂತಿರುತ್ತದೆ, ಅದು ಜೀವ ತೆಗೆಯಬಲ್ಲದು. ಅದನ್ನು ತಾನಾಗಿ ಬಸಿಯುವ ರೆಸಿಸ್ಟರ್ ಹಾಕಿ, ಆ ಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು. ತಗಡಿನ ಪೆಟ್ಟಿಗೆಗೆ ಅರ್ತಿಂಗ್ ಕಡ್ಡಾಯ. ಸ್ಪೀಕರ್ ಕಳಚಿ ಆಂಪ್ ನುಡಿಸುವುದೂ ಬೇಡ: ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಜಿಗಿದು ಸುರುಳಿಯ ಇನ್ಸುಲೇಷನ್ನು ಸುಟ್ಟುಹೋಗಬಹುದು.

ಇಷ್ಟೆಲ್ಲ ಏಕೆ? ವೈಟ್‌ಫೀಲ್ಡಿನ ಯಾವುದೇ ಲ್ಯಾಪ್‌ಟಾಪು ಇದೇ ವಾಲ್ವಿನ ಸಮೀಕರಣಗಳನ್ನು ಸೆಕೆಂಡಿಗೆ 44,100 ಸಲ ಬಿಡಿಸಿ ಹತ್ತಿರ ಹತ್ತಿರ ಇದೇ ನಾದ ಕೊಡುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಗುರುತಿಸುವವರು ಕಡಿಮೆ. ಆದರೆ ಆ ಸಮೀಕರಣ ಅನುಕರಿಸುವುದೂ ವಾಲ್ವ್ ಸೋಲುವ ರೀತಿಯನ್ನೇ. ಸಂಕೇತ ಅತಿಯಾದಾಗ ವಾಲ್ವ್ ಅದನ್ನು ಹಠಾತ್ತನೆ ಕತ್ತರಿಸುವುದಿಲ್ಲ, ಅಲೆಯ ತುದಿಯನ್ನು ದುಂಡಗೆ ಒತ್ತುತ್ತದೆ. ಒತ್ತಿದಾಗ ಮೂಲದಲ್ಲಿ ಇಲ್ಲದ ಸ್ವರಗಳು ಹುಟ್ಟುತ್ತವೆ. ಷಡ್ಜ ನುಡಿಸಿದರೆ ಎರಡು ಪಟ್ಟಿನದು ತಾರ ಷಡ್ಜ, ಮೂರು ಪಟ್ಟಿನದು ತಾರ ಪಂಚಮ. ತಂಬೂರಿ ಕೇಳಿದ ಕಿವಿಗೆ ಇವು ಹೊರಗಿನವರಲ್ಲ.

ಎರಡು ಸ್ವರ ಒಟ್ಟಿಗೆ ನುಡಿದರೆ ಅವುಗಳ ವ್ಯತ್ಯಾಸದ ಕಂಪನವೂ ಹುಟ್ಟುತ್ತದೆ. ಸ-ಪ ಜೋಡಿ 2:3, ವ್ಯತ್ಯಾಸ 1. ಅಂದರೆ ಮಂದ್ರ ಷಡ್ಜ ತಾನಾಗಿ ಬಂದು ಸೇರಿತು. ಎರಡೇ ತಂತಿ ಮೀಟಿದರೂ ಕೋಣೆ ತುಂಬುವುದು ಇದರಿಂದ. ಸ-ಗ ನುಡಿಸಿ ನೋಡಿ. ಅಂತರ ಗಾಂಧಾರ 4:5 ಇರಬೇಕಾದಲ್ಲಿ ಗಿಟಾರಿನ ಮೆಟ್ಟಿಲು ಅದನ್ನು 14 ಸೆಂಟ್ (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್) ಮೇಲಕ್ಕೆ ಇಟ್ಟಿದೆ. ಅಷ್ಟು ಅಪಸ್ವರವನ್ನು ಕಿವಿ ಕ್ಷಮಿಸುತ್ತದೆ. ಆದರೆ ವ್ಯತ್ಯಾಸದ ಸ್ವರದಲ್ಲಿ ಅದೇ ತಪ್ಪು 67 ಸೆಂಟ್ ಆಗಿ, ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚು ಜಾರಿ ಕೆಸರೆಬ್ಬಿಸುತ್ತದೆ. ರಾಕ್ ಗಿಟಾರಿನವರು ಒರಟು ನಾದಕ್ಕೆ ಗಾಂಧಾರ ಬಿಟ್ಟು ಸ-ಪಕ್ಕೆ ಅಂಟಿಕೊಂಡದ್ದು ಸೋಮಾರಿತನದಿಂದ ಅಲ್ಲ.

ಮೀಟು ಹಗುರಾದರೆ ಒರಟುತನ ತಾನೇ ಇಳಿದು ನಾದ ತಿಳಿಯಾಗುತ್ತದೆ, ಬೆರಳು ಬಿಗಿದರೆ ಮತ್ತೆ ಗುಡುಗುತ್ತದೆ. ತೊಡಕಿರುವುದು ಸದ್ದಿನಲ್ಲಿ. 5.7 ವಾಟ್ ಎಂದು ಮೂಗು ಮುರಿಯುವಂತಿಲ್ಲ: ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೊಡುವ ಸ್ಪೀಕರಿನಿಂದ ಇದು 102 ದಾಟುತ್ತದೆ. ವೈಟ್‌ಫೀಲ್ಡಿನ ಹನ್ನೆರಡನೇ ಮಹಡಿಯಲ್ಲಿ ಇದು ನಡೆಯದು. ಕಿವಿಗೆ ಸದ್ದು ಅರ್ಧವಾಗಬೇಕಾದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯಬೇಕು, ಅಂದರೆ ಅರ್ಧ ವಾಟಿನ ಆಂಪ್ ಕಟ್ಟಬೇಕು. ಇಲ್ಲವೇ ಟ್ರಾನ್ಸ್‌ಫಾರ್ಮರ್ ಸುತ್ತಿಸಿದ ಶೆಡ್ಡಿನಲ್ಲೇ ಒಂದು ಮೂಲೆ ಕೇಳಿ ಪಡೆಯಬೇಕು. ಪವರ್ ಪ್ರೆಸ್ಸುಗಳು ಬಡಿಯುವ ಆ ಬೀದಿಯಲ್ಲಿ ಗಿಟಾರಿನ ಮೇಲೆ ಯಾರೂ ದೂರು ಕೊಡುವುದಿಲ್ಲ.